ಚಂದ್ರನಿಗೂ ಜಿಂಕೆಯ ಓಡಾಟಕ್ಕೂ ನಂಟಿದೆಯೇ? ಕಾಡಂಚಿನ ಹೊಲದಲ್ಲಿ ಅಳೆದು ನೋಡುವ ಕ್ರಮ

ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ, ಹಾಸನೂರು, ಜೀರಹಳ್ಳಿ, ತಲಮಲೆ ಸುತ್ತಲಿನ ಕಾಡಂಚಿನಲ್ಲಿ ಹೊಲ ಮಾಡುವವರಿಗೆ ಜಿಂಕೆ, ಕಡವೆ ಮತ್ತು ಹಂದಿಯ ಕಾಟ ಹೊಸದಲ್ಲ. ರಾತ್ರಿ ಕಾವಲಿನ ಮಾತು ಬಂದಾಗಲೆಲ್ಲ ಚಂದ್ರನ ಮಾತೂ ಬರುತ್ತದೆ. ಬೆಳದಿಂಗಳಿನಲ್ಲಿ ಜಿಂಕೆಗಳು ರಾತ್ರಿಯಿಡೀ ಮೇಯುತ್ತವೆ ಎಂದು ಕೆಲವರು ಹೇಳಿದರೆ, ಹುಲಿ ಚಿರತೆಗಳಿಗೆ ಹೆದರಿ ಬೆಳಕಿನಲ್ಲಿ ಪೊದೆ ಬಿಟ್ಟು ಬರುವುದಿಲ್ಲ, ಅಮಾವಾಸ್ಯೆಯ ಕತ್ತಲೆಯಲ್ಲೇ ಫಸಲಿಗೆ ಇಳಿಯುತ್ತವೆ ಎಂದು ಇನ್ನು ಕೆಲವರು ಹೇಳುತ್ತಾರೆ. ಒಂದೇ ಹೊಲದ ಮಟ್ಟಿಗೆ ಎರಡೂ ನಿಜವಾಗಿರಲಾರವು. ಯಾವುದು ಎಷ್ಟು ನಿಜವೆಂಬುದನ್ನು ನಿಮ್ಮ ಹೊಲದಲ್ಲಿ ನೀವೇ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಬೇಟೆಯ ವಿಷಯ. ಚಂದ್ರನ ಲೆಕ್ಕ ಹೆಚ್ಚಾಗಿ ಕೇಳಿಬರುವುದು ಬೇಟೆಗಾರರ ನಡುವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆ, ಕಡವೆಗಳ ಬೇಟೆ ಅಪರಾಧ. ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ವಿಷವಿಡುವುದು, ಹಿಡಿಯಲು ಯತ್ನಿಸುವುದು ಕೂಡ ಆ ಕಾಯಿದೆಯಲ್ಲಿ ಬೇಟೆಯೇ. ನಮ್ಮ ಸುತ್ತಲಿನ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಗಿದೆ. ಇಲ್ಲಿನ ಹುಲಿ, ಚಿರತೆ, ಸೀಳುನಾಯಿಗಳ ಆಹಾರವೇ ಈ ಜಿಂಕೆ ಕಡವೆಗಳು. ಆದ್ದರಿಂದ ಈ ಲೆಕ್ಕ ನಮಗೆ ಉಪಯೋಗಕ್ಕೆ ಬರುವುದು ಫಸಲು ಕಾಯುವುದಕ್ಕೆ ಮಾತ್ರ.

ಬೇಟೆಗೆ ಕಾನೂನಿನ ಅನುಮತಿಯಿರುವ ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದಾರೆ. ಸೂರ್ಯಚಂದ್ರರ ಸ್ಥಾನವನ್ನು ನೋಡಿ ಮೀನು ಮತ್ತು ಪ್ರಾಣಿಗಳು ಚುರುಕಾಗುವ ಹೊತ್ತನ್ನು ಮೊದಲೇ ಹೇಳಬಹುದೆಂಬ ‘ಸೋಲ್ಯೂನಾರ್’ ವಾದವನ್ನು ಜಾನ್ ಆಲ್ಡೆನ್ ನೈಟ್ ಎಂಬವರು 1926ರಲ್ಲಿ ಮುಂದಿಟ್ಟರು. ಇಂದಿಗೂ ಆ ಕೋಷ್ಟಕಗಳು ಮೊಬೈಲ್ ಆ್ಯಪ್‌ಗಳಲ್ಲಿ ಸಿಗುತ್ತವೆ. ಆದರೆ ಅಲ್ಲಿನ ಬಿಳಿಬಾಲದ ಜಿಂಕೆಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಹಗಲುರಾತ್ರಿ ಹಿಂಬಾಲಿಸಿದ ಅಧ್ಯಯನಗಳಲ್ಲಿ ಚಂದ್ರನ ಪ್ರಭಾವ ಒಂದೋ ಕಾಣಲೇ ಇಲ್ಲ, ಇಲ್ಲವೇ ಬಹಳ ಸಣ್ಣದಾಗಿ ಕಂಡಿತು. ಎದ್ದು ಕಂಡದ್ದು ನಸುಕು ಮತ್ತು ಮುಸ್ಸಂಜೆ: ಚಂದ್ರ ಯಾವ ಸ್ಥಿತಿಯಲ್ಲಿದ್ದರೂ ಜಿಂಕೆಗಳು ಹೆಚ್ಚು ನಡೆದಾಡಿದ್ದು ಆ ಎರಡು ಹೊತ್ತಿನಲ್ಲಿ. ಅವುಗಳ ಬೆದೆಯ ಕಾಲವನ್ನು ನಿರ್ಧರಿಸುವುದೂ ಹುಣ್ಣಿಮೆಯಲ್ಲ, ಹಗಲಿನ ಉದ್ದ ಕಡಿಮೆಯಾಗುತ್ತಾ ಹೋಗುವ ಲೆಕ್ಕ. ನಮ್ಮ ಚುಕ್ಕೆ ಜಿಂಕೆ ವರ್ಷದ ಎಲ್ಲ ತಿಂಗಳಲ್ಲೂ ಮರಿ ಹಾಕಬಲ್ಲದು, ಗಂಡುಗಳ ಕೊಂಬು ಕೂಡ ಎಲ್ಲಕ್ಕೂ ಒಂದೇ ಸಮಯಕ್ಕೆ ಬಲಿಯುವುದಿಲ್ಲ. ಆದ ಕಾರಣ ‘ನವೆಂಬರ್ ಹುಣ್ಣಿಮೆ ನೋಡಿ ಬೆದೆಯ ಲೆಕ್ಕ ಹಾಕಿ’ ಎಂಬಂಥ ಆ ದೇಶದ ಸಲಹೆಗಳನ್ನು ಇಲ್ಲಿಗೆ ತಂದು ಅನ್ವಯಿಸಬಾರದು.

ಹಾಗೆಂದು ಬೆಳದಿಂಗಳು ಯಾವ ಪ್ರಾಣಿಯನ್ನೂ ಬಾಧಿಸುವುದಿಲ್ಲ ಎಂದಲ್ಲ. ಇಲಿ ಜಾತಿಯ ಅನೇಕ ಸಣ್ಣ ಪ್ರಾಣಿಗಳು ಬೆಳದಿಂಗಳಿನಲ್ಲಿ ಓಡಾಟ ಕಡಿಮೆ ಮಾಡುತ್ತವೆ. ಟಾಂಜಾನಿಯಾದಲ್ಲಿ ಸಿಂಹಗಳು ಮನುಷ್ಯರ ಮೇಲೆ ಬಿದ್ದ ಪ್ರಕರಣಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಹುಣ್ಣಿಮೆ ಕಳೆದ ನಂತರದ ದಿನಗಳಲ್ಲಿ, ಸೂರ್ಯ ಮುಳುಗಿ ಚಂದ್ರ ಇನ್ನೂ ಹುಟ್ಟದ ಹೊತ್ತಿನಲ್ಲಿ, ಅಪಾಯ ಅತಿ ಹೆಚ್ಚೆಂದು ತೋರಿಸಿತು. ತಿಥಿಯ ಹೆಸರಿಗಿಂತ, ಆ ರಾತ್ರಿಯ ಯಾವ ಜಾವ ಕತ್ತಲೆ, ಯಾವ ಜಾವ ಬೆಳಕು ಎಂಬುದೇ ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನನ್ನ ದೃಷ್ಟಿಯಲ್ಲಿ ಚಂದ್ರನ ಲೆಕ್ಕ ಹಾಕುವವರು ಎಡವುವುದು ಇಲ್ಲಿಯೇ.

ಆ ಜಾವಗಳನ್ನು ತಿಳಿಯಲು ಗೋಡೆಯ ಕ್ಯಾಲೆಂಡರ್ ಸಾಕು. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಹುಟ್ಟುತ್ತಾನೆ, ಬೆಳಗಾಗುವ ಹೊತ್ತಿಗೆ ಮುಳುಗುತ್ತಾನೆ. ಅಲ್ಲಿಂದ ದಿನಕ್ಕೆ ಸರಾಸರಿ 50 ನಿಮಿಷದಂತೆ ಹುಟ್ಟುವುದು ತಡವಾಗುತ್ತದೆ; ಸಂಕಷ್ಟ ಚತುರ್ಥಿಯ ದಿನ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ಚಂದ್ರೋದಯದ ಸಮಯ ಹೆಚ್ಚುಕಡಿಮೆ ರಾತ್ರಿ ಒಂಬತ್ತರ ಆಸುಪಾಸಿನಲ್ಲಿರುವುದು ಇದರಿಂದಲೇ. ಬಹುಳ ಅಷ್ಟಮಿಗೆ ನಡುರಾತ್ರಿಯ ಸುಮಾರಿಗೆ ಹುಟ್ಟುತ್ತಾನೆ. ಶುದ್ಧ ಅಷ್ಟಮಿಯಲ್ಲಿ ಇದಕ್ಕೆ ವಿರುದ್ಧ: ಸಂಜೆಗೇ ನೆತ್ತಿಯ ಮೇಲಿದ್ದು ನಡುರಾತ್ರಿಗೆ ಮುಳುಗುತ್ತಾನೆ. ಎರಡೂ ಅಷ್ಟಮಿಗಳಲ್ಲಿ ಚಂದ್ರ ಅರ್ಧವೇ. ಆದರೆ ಸಂಜೆಯ ಕಾವಲಿನವನಿಗೆ ಒಂದು ಬೆಳಕಿನ ರಾತ್ರಿ, ಇನ್ನೊಂದು ಕತ್ತಲೆಯ ರಾತ್ರಿ. ಅರ್ಧ ಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟಿರುವುದಿಲ್ಲ, ಸುಮಾರು ಹತ್ತನೇ ಒಂದು ಪಾಲು ಮಾತ್ರ ಇರುತ್ತದೆ ಎಂಬುದನ್ನೂ ನೆನಪಿಡಬೇಕು.

ಇನ್ನು ಅಳೆಯುವ ಕ್ರಮ. ಕಣ್ಣಿಗೆ ಕಂಡ ಜಿಂಕೆಗಳನ್ನು ಎಣಿಸಬೇಡಿ. ಬೆಳದಿಂಗಳಿನಲ್ಲಿ ನಮಗೆ ದೂರದವರೆಗೆ ಕಾಣುತ್ತದೆ, ಅದೇ ಕಾರಣಕ್ಕೆ ಹೆಚ್ಚು ಹೊತ್ತು ಹೊರಗೆ ಕೂರುತ್ತೇವೆ, ಆದ್ದರಿಂದ ಹೆಚ್ಚು ಜಿಂಕೆ ಕಂಡಂತಾಗುತ್ತದೆ. ಕತ್ತಲೆಯ ರಾತ್ರಿ ಅಷ್ಟೇ ಜಿಂಕೆ ಬಂದು ಹೋದರೂ ಬೆಳಿಗ್ಗೆ ತುಳಿದ ಗಿಡ ನೋಡುವವರೆಗೆ ತಿಳಿಯುವುದಿಲ್ಲ. ಹುಣ್ಣಿಮೆಯ ಬಗೆಗಿನ ಅನೇಕ ನಂಬಿಕೆಗಳು ಬೆಳೆದಿರುವುದು ಈ ವ್ಯತ್ಯಾಸದ ಮೇಲೆ ಎಂದೇ ನಾನು ತಿಳಿದಿದ್ದೇನೆ. ಹಾಗಾಗಿ ನಮ್ಮ ಕಣ್ಣನ್ನು ಅವಲಂಬಿಸದ ಗುರುತು ಬೇಕು, ಅದು ನೆಲದ ಮೇಲಿನ ಹೆಜ್ಜೆ.

ಕಾಡಿನ ಕಡೆಯ ಬದುವಿನ ಒಳಗೆ, ನಿಮ್ಮ ಸ್ವಂತ ಜಮೀನಿನಲ್ಲೇ, ಒಂದು ಮೀಟರ್ ಅಗಲದ ಪಟ್ಟಿಯನ್ನು ಕಳೆ ತೆಗೆದು, ಹೆಂಟೆ ಒಡೆದು, ಸಣ್ಣ ಮಣ್ಣು ಹರಡಿ ಸಿದ್ಧಪಡಿಸಿ. ಕೆಮ್ಮಣ್ಣಾದರೆ ಗುರುತು ಚೆನ್ನಾಗಿ ಮೂಡುತ್ತದೆ. ಕಲ್ಲುನೆಲವಾದರೆ ಕೆರೆಯ ಗೋಡನ್ನು ಒಣಗಿಸಿ ಪುಡಿ ಮಾಡಿ ಹಾಕಬಹುದು. ಪ್ರತಿದಿನ ಸಂಜೆ ಬೆಳಕಿರುವಾಗಲೇ ಸೊಪ್ಪಿನ ಕೊಂಬೆಯಿಂದ ಪಟ್ಟಿಯನ್ನು ಸಮಗೊಳಿಸಿ. ಬೆಳಿಗ್ಗೆ ಪೂರ್ತಿ ಬೆಳಕಾದ ಮೇಲೆಯೇ, ಇಬ್ಬರು ಜೊತೆಯಾಗಿ ಹೋಗಿ ನೋಡಿ. ನಸುಕಿನಲ್ಲಿ ಆನೆಗಳು ಇನ್ನೂ ಹೊಲದಂಚಿನಲ್ಲಿ ಇರಬಹುದಾದ್ದರಿಂದ ಈ ವಿಷಯದಲ್ಲಿ ಆತುರ ಕೂಡದು. ಚುಕ್ಕೆ ಜಿಂಕೆಯ ಗೊರಸು ಸಣ್ಣದು, ಮುಂದಕ್ಕೆ ಚೂಪು. ಕಡವೆಯದು ಸ್ಪಷ್ಟವಾಗಿ ದೊಡ್ಡದು. ಹಂದಿಯದು ಮೊಂಡಾಗಿದ್ದು, ಮೆತ್ತನೆಯ ಮಣ್ಣಿನಲ್ಲಿ ಹಿಂದಿನ ಎರಡು ಸಣ್ಣ ಗೊರಸುಗಳೂ ಪಕ್ಕಕ್ಕೆ ಮೂಡಿರುತ್ತವೆ. ಹೆಜ್ಜೆಗಳನ್ನು ಎಣಿಸಿ ಇಷ್ಟು ಜಿಂಕೆ ಬಂದಿದ್ದವು ಎಂದು ಬರೆಯುವುದು ಸರಿಯಲ್ಲ, ಒಂದೇ ಜಿಂಕೆ ಹತ್ತು ಸಲ ದಾಟಿರಬಹುದು. ಯಾವ ಪ್ರಾಣಿ, ಬಂದಿತ್ತೋ ಇಲ್ಲವೋ, ಎಷ್ಟು ಕಡೆ ಪಟ್ಟಿ ದಾಟಿದೆ, ಇಷ್ಟು ಸಾಕು.

ಪಟ್ಟಿಯಿಂದ ಬಂದದ್ದು ತಿಳಿಯುತ್ತದೆಯೇ ಹೊರತು ಬಂದ ಹೊತ್ತು ತಿಳಿಯುವುದಿಲ್ಲ. ಅನುಕೂಲವಿದ್ದರೆ ನಾಲ್ಕೈದು ಮನೆಯವರು ಸೇರಿ ಒಂದು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರಿಗೆ ಹಾದಾಗ ತಾನಾಗಿಯೇ ಫೋಟೊ ತೆಗೆದು ಸಮಯ ದಾಖಲಿಸುವ ಕ್ಯಾಮೆರಾ) ಕೊಂಡು, ಅರಣ್ಯ ಸಿಬ್ಬಂದಿಗೆ ತಿಳಿಸಿ, ಸ್ವಂತ ಜಮೀನಿನ ಒಳಮುಖವಾಗಿ ಕಟ್ಟಬಹುದು. ಕಾಡಿನೊಳಗೆ ಅನುಮತಿಯಿಲ್ಲದೆ ಇಡುವಂತಿಲ್ಲ.

ನೋಟ್‌ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ದಿನಾಂಕ, ತಿಥಿ, ಚಂದ್ರ ಹುಟ್ಟಿದ ಅಥವಾ ಮುಳುಗಿದ ಹೊತ್ತು, ಮೋಡ, ಮಳೆ, ಫಸಲಿನ ಹಂತ, ಕಾವಲಿತ್ತೇ ಇಲ್ಲವೇ, ಹೆಜ್ಜೆಯ ವಿವರ. ಏನೂ ಬಾರದ ದಿನವನ್ನು ತಪ್ಪದೆ ಬರೆಯಬೇಕು. ಬಂದ ದಿನಗಳಷ್ಟೇ ಪುಸ್ತಕದಲ್ಲಿದ್ದರೆ ಆ ಪುಸ್ತಕದಿಂದ ಏನೂ ತಿಳಿಯದು. ಮೋಡ ಕವಿದ ಹುಣ್ಣಿಮೆಯನ್ನು ಬೆಳದಿಂಗಳ ರಾತ್ರಿಯೆಂದು ಲೆಕ್ಕಕ್ಕೆ ಹಿಡಿಯಬಾರದು, ಆಷಾಢ ಶ್ರಾವಣಗಳಲ್ಲಿ ಇಂಥ ಹುಣ್ಣಿಮೆಗಳು ಸಾಮಾನ್ಯ.

ಒಂದು ಚಾಂದ್ರಮಾಸ ಸುಮಾರು ಇಪ್ಪತ್ತೊಂಬತ್ತೂವರೆ ದಿನ, ಅದರಲ್ಲಿ ಒಂದೇ ಹುಣ್ಣಿಮೆ. ಒಂದೆರಡು ತಿಂಗಳ ಲೆಕ್ಕದಿಂದ ತೀರ್ಮಾನಕ್ಕೆ ಬಂದರೆ ಮೋಸಹೋಗುವ ಸಂಭವವೇ ಹೆಚ್ಚು, ಏಕೆಂದರೆ ಚಂದ್ರನ ಜೊತೆಗೆ ಫಸಲೂ ಬದಲಾಗುತ್ತಿರುತ್ತದೆ. ಹುರುಳಿ ಚಿಗುರಿದ ವಾರ ಹುಣ್ಣಿಮೆ ಬಂದು, ಕಟಾವಿನ ವಾರ ಅಮಾವಾಸ್ಯೆ ಬಂದರೆ, ಚಿಗುರಿಗೆ ಬಂದ ಜಿಂಕೆಯನ್ನು ಚಂದ್ರನ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಆದ್ದರಿಂದ ಕಡಿಮೆಯೆಂದರೆ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಬರೆದು, ಫಸಲಿನ ಒಂದೇ ಹಂತದ ರಾತ್ರಿಗಳನ್ನು ಮಾತ್ರ ಒಂದಕ್ಕೊಂದು ಹೋಲಿಸಬೇಕು. ರಾತ್ರಿಗಳನ್ನು ಮೂರು ಗುಂಪು ಮಾಡಿಕೊಳ್ಳಿ: ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ, ಸಂಜೆ ಬೆಳಕಿರುವವು; ಬಹುಳ ತದಿಗೆಯಿಂದ ನವಮಿಯವರೆಗೆ, ಸಂಜೆ ಕತ್ತಲೆಯಿದ್ದು ಆಮೇಲೆ ಬೆಳಕಾಗುವವು; ಬಹುಳ ದಶಮಿಯಿಂದ ಶುದ್ಧ ತದಿಗೆಯವರೆಗೆ, ಹೆಚ್ಚುಕಡಿಮೆ ಪೂರ್ತಿ ಕತ್ತಲೆಯವು. ಉಳಿದ ದಿನಗಳನ್ನು ಬಿಟ್ಟುಬಿಡಿ. ಪ್ರತಿ ಗುಂಪಿನಲ್ಲಿ ನೂರು ರಾತ್ರಿಗೆ ಎಷ್ಟು ರಾತ್ರಿ ಹೆಜ್ಜೆ ಸಿಕ್ಕಿತೆಂದು ಲೆಕ್ಕ ಹಾಕಿದರೆ ಹೋಲಿಕೆ ಸುಲಭ. ಜಿಂಕೆ ಮತ್ತು ಕಡವೆಯ ಲೆಕ್ಕವನ್ನು ಬೇರೆ ಬೇರೆಯಾಗಿಯೇ ಮಾಡಬೇಕು: ಚುಕ್ಕೆ ಜಿಂಕೆ ಹೆಚ್ಚಾಗಿ ಹಗಲಿನಲ್ಲೂ ಮುಸ್ಸಂಜೆಯಲ್ಲೂ ಮೇಯುವ, ರಾತ್ರಿ ಬಯಲಿನಲ್ಲಿ ಗುಂಪಾಗಿ ಮಲಗುವ ಪ್ರಾಣಿ, ಕಡವೆ ಹೆಚ್ಚಾಗಿ ರಾತ್ರಿಯೇ ಮೇಯುತ್ತದೆ. ಬೆಳದಿಂಗಳಿನಿಂದ ವ್ಯತ್ಯಾಸವೇನಾದರೂ ಕಾಣುವುದಾದರೆ ಕಡವೆಯಲ್ಲಿ ಕಾಣುವ ಸಾಧ್ಯತೆ ಹೆಚ್ಚೆಂದು ನನಗನ್ನಿಸುತ್ತದೆ.

ಗುಂಪುಗಳ ನಡುವಿನ ಅಂತರ ಸಣ್ಣದಾದರೆ ಚಂದ್ರನನ್ನು ಮರೆತು, ಸಂಜೆ ಆರರಿಂದ ಎಂಟೂವರೆ ಮತ್ತು ಬೆಳಗಿನ ನಾಲ್ಕೂವರೆಯಿಂದ ಆರೂವರೆವರೆಗಿನ ಕಾವಲನ್ನು ಬಿಗಿ ಮಾಡಿ, ಫಸಲು ಚಿಗುರುವ ಮತ್ತು ಕಾಳು ಕಟ್ಟುವ ವಾರಗಳಲ್ಲಿ ಹೆಚ್ಚು ಜನ ಕೂರುವಂತೆ ನೋಡಿಕೊಳ್ಳಿ. ಬಹುಳದ ಕತ್ತಲೆ ಸಂಜೆಗಳಲ್ಲಿ ಬರುವುದು ಹೆಚ್ಚೆಂದು ನಿಮ್ಮ ಪುಸ್ತಕ ತೋರಿಸಿದರೆ, ಅಕ್ಕಪಕ್ಕದ ಹೊಲದವರೊಂದಿಗೆ ಸರದಿ ಹಂಚುವಾಗ ಆ ವಾರಕ್ಕೆ ಇಬ್ಬರ ಬದಲು ನಾಲ್ವರನ್ನು ಹಾಕಬಹುದು. ಅಟ್ಟಣೆಯಿಂದ ಇಳಿಯದೆ, ಟಾರ್ಚು ಮತ್ತು ತಮಟೆಯಿಂದ ಓಡಿಸುವುದು ಸಾಕು. ಕರೆಂಟಿನ ಲೈನಿನಿಂದ ನೇರವಾಗಿ ಬೇಲಿಗೆ ತಂತಿ ಎಳೆಯುವುದು ಅಪರಾಧ. ಆನೆಗಳೂ ಮನುಷ್ಯರೂ ಸಾಯುವುದು ಅದರಿಂದಲೇ. ಸೋಲಾರ್ ಬೇಲಿ ಹಾಕುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ನಿಯಮ ಕೇಳಿಕೊಂಡು ನೋಂದಣಿ ಮಾಡಿಸಿ.

ಫಸಲು ಹಾನಿಗೆ ಪರಿಹಾರ ಕೇಳುವಾಗಲೂ ಈ ಪುಸ್ತಕ ಕೆಲಸಕ್ಕೆ ಬರುತ್ತದೆ. ಹಾನಿಯಾದ ಬೆಳಿಗ್ಗೆಯೇ ಹೆಜ್ಜೆಯ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಸರ್ವೆ ನಂಬರ್ ಮತ್ತು ತುಳಿದ ಜಾಗದ ವಿಸ್ತೀರ್ಣವನ್ನು ಅದೇ ದಿನದ ಸಾಲಿನಲ್ಲಿ ಬರೆದಿಟ್ಟು, ಮಣ್ಣು ಕದಡುವ ಮೊದಲು ಅರಣ್ಯ ಸಿಬ್ಬಂದಿಯನ್ನು ಕರೆಸಿ ತೋರಿಸಿ.