ಟರ್ಬೊ ಎಂಜಿನ್ ಕೂರಿಸುವ ಮೊದಲು ಮಾಡಬೇಕಾದ ಪೆಟ್ರೋಲ್ ಲೆಕ್ಕ

ಕಾರ್ಬ್ಯುರೇಟರ್ ಕಾಲದ ಜಿಪ್ಸಿಗೋ ಬೇರೆ ಹಳೆ ಗಾಡಿಗೋ ಟರ್ಬೊ ಪೆಟ್ರೋಲ್ ಎಂಜಿನ್ ಕೂರಿಸುವವರು ಮೌಂಟಿಂಗ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲ ಮುಗಿಸಿ ಕೊನೆಗೆ ಪಂಪ್ ಹುಡುಕುತ್ತಾರೆ. ಇದು ತಲೆಕೆಳಗಾದ ಕ್ರಮ. ಐಡಲ್‌ನಲ್ಲಿ ಎಂಥ ಪಂಪ್ ಇದ್ದರೂ ಎಂಜಿನ್ ಸೊಗಸಾಗಿ ಓಡುತ್ತದೆ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಎರಡು ಸುತ್ತು ಹೊಡೆದರೂ ಕೊರತೆ ಗೊತ್ತಾಗುವುದಿಲ್ಲ. ಅಂಕೋಲಾ ಕಡೆಯಿಂದ ಅರಬೈಲು ಘಾಟ್ ಏರುವಾಗ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ) ಇಳಿಯದೆ ನಿಂತು, ಪೆಟ್ರೋಲ್ ಸಾಲದೆ ಹೋದರೆ ಮಿಶ್ರಣ ತೆಳುವಾಗುತ್ತದೆ, ನಾಕಿಂಗ್ (ಸಿಲಿಂಡರಿನೊಳಗೆ ಮಿಶ್ರಣ ತಾನಾಗಿ ಸಿಡಿಯುವುದು) ಶುರುವಾಗುತ್ತದೆ, ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುತ್ತದೆ. ಅದಕ್ಕೇ ಲೆಕ್ಕವನ್ನು ಅತಿ ಕೆಟ್ಟ ಗಳಿಗೆಯಿಂದ ಹಿಡಿಯಬೇಕು: ಪೂರ್ತಿ ಬೂಸ್ಟ್, ಏಪ್ರಿಲ್ ಮಧ್ಯಾಹ್ನದ ಬಿಸಿಲು, ಕಾಲು ಟ್ಯಾಂಕ್ ಪೆಟ್ರೋಲ್.

ಸಾಮಾನು ಕೊಳ್ಳುವ ಮೊದಲು ಆರ್‌ಟಿಒ ಕೆಲಸ ಮುಗಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎಂಜಿನ್ ಬದಲಾವಣೆಗೆ ಕಡಿವಾಣ ಹಾಕುತ್ತದೆ. ಗಾಡಿ ಕೆಎ 63 ಇರಲಿ, 25, 26 ಅಥವಾ 27 ಇರಲಿ, ನಿಮ್ಮ ಕಚೇರಿಯಲ್ಲಿ ಮೊದಲೇ ಲಿಖಿತ ಅನುಮತಿ ಸಿಗುತ್ತದೆಯೇ ಕೇಳಿ. ಆರ್‌ಸಿಯಲ್ಲಿ ಇಲ್ಲದ ಎಂಜಿನ್ ಇದ್ದರೆ ಅಪಘಾತವಾದಾಗ ವಿಮೆ ಹಣಕ್ಕೂ ತಕರಾರು ಬರುತ್ತದೆ.

ಈಗ ಲೆಕ್ಕ. ಮೊದಲು ಅಶ್ವಶಕ್ತಿಯ ಗುರಿ ನಿಗದಿಯಾಗಬೇಕು, ಆಮೇಲೆ ಅದನ್ನು ಏರಿಸಬಾರದು. ನಾಲ್ಕು ಸಿಲಿಂಡರ್, 180 ಅಶ್ವಶಕ್ತಿ, 1 ಬಾರ್ ಬೂಸ್ಟ್ ಎಂದಿಟ್ಟುಕೊಳ್ಳಿ. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ಲೋಡ್‌ನಲ್ಲಿ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಕುಡಿಯುತ್ತದೆ. ಅಂದರೆ ಗಂಟೆಗೆ 49 ಕೆಜಿ, ಸುಮಾರು 65 ಲೀಟರ್. ಬಂಕಿನಲ್ಲಿ ಈಗ ಸಿಗುವುದು ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5 ಸಾಕು. ಅಷ್ಟೇ ಗಾಳಿಗೆ ಶೇಕಡಾ 8ರಷ್ಟು ಹೆಚ್ಚು ಇಂಧನ ಹೋಗಬೇಕು ಎಂದೇ ಇದರ ಅರ್ಥ. ಹೀಗೆ ಗಂಟೆಗೆ 70 ಲೀಟರ್ ಆಯಿತು. ವಿದೇಶಿ ಚಾರ್ಟ್ ನೋಡಿ ಇಂಜೆಕ್ಟರ್ (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ವಾಲ್ವ್) ತರಿಸುವವರು ಈ 8ನ್ನು ಬಿಟ್ಟುಬಿಡುತ್ತಾರೆ.

70 ಲೀಟರನ್ನು ನಾಲ್ಕಕ್ಕೆ ಹಂಚಿದರೆ ಒಂದೊಂದು ಇಂಜೆಕ್ಟರ್ ನಿಮಿಷಕ್ಕೆ ಸುಮಾರು 292 ಸಿಸಿ ಕೊಡಬೇಕು. ಇಂಜೆಕ್ಟರ್ ಶೇಕಡಾ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. ಆ ಲೆಕ್ಕಕ್ಕೆ 365 ಸಿಸಿ ಬೇಕು, 440 ಸಿಸಿಯದು ತಂದರೆ ಕೈಯಲ್ಲಿ ಜಾಗ ಉಳಿಯುತ್ತದೆ. ಇನ್ನೂ ದೊಡ್ಡದು ಇರಲಿ ಎಂದು 1000 ಸಿಸಿ ಹಾಕಬೇಡಿ. ಐಡಲ್‌ನಲ್ಲಿ ಅದು ತೆರೆದುಕೊಳ್ಳುವ ಹೊತ್ತು ತೀರಾ ಕಡಿಮೆ, ಸರಿಯಾದ ಡೆಡ್‌ಟೈಮ್ (ಕರೆಂಟ್ ಕೊಟ್ಟ ಮೇಲೆ ಇಂಜೆಕ್ಟರ್ ತೆರೆಯಲು ತಗಲುವ ಹೊತ್ತು) ಅಂಕಿಗಳಿಲ್ಲದ ಹಳೆ ಮಾದರಿಯಾದರೆ ಟ್ರಾಫಿಕ್‌ನಲ್ಲಿ ಎಂಜಿನ್ ಒದ್ದಾಡುತ್ತದೆ. ಮಲ್ಟಿಮೀಟರ್ ಹಿಡಿದು ರೆಸಿಸ್ಟೆನ್ಸ್ ನೋಡಿ: 12ರಿಂದ 16 ಓಮ್ ಇದ್ದರೆ ಸಾಮಾನ್ಯ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ನೇರ ಹಚ್ಚಬಹುದು. 2ರಿಂದ 4 ಓಮ್ ಬಂದರೆ ರೆಸಿಸ್ಟರ್ ಅಥವಾ ಬೇರೆ ಡ್ರೈವರ್ ಇಲ್ಲದೆ ಇಸಿಯು ಸುಡುತ್ತದೆ.

ಪಂಪ್ ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ಕೂರಬೇಡಿ. ಅದು ಎಷ್ಟು ಪ್ರೆಷರ್‌ನಲ್ಲಿ, ಎಷ್ಟು ವೋಲ್ಟ್‌ನಲ್ಲಿ ಅಳೆದದ್ದು ಎಂಬುದೇ ಮುಖ್ಯ. ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪು) ಮೂಲ ಪ್ರೆಷರ್ 3 ಬಾರ್, ಬೂಸ್ಟ್ 1 ಬಾರ್, ಒಟ್ಟು 4 ಬಾರ್. ಆ 4 ಬಾರ್‌ನಲ್ಲಿ, 13.5 ವೋಲ್ಟ್‌ಗೆ, ಗಂಟೆಗೆ 90 ಲೀಟರ್ ಬರುವ ಪಂಪ್ ಬೇಕು. ಬೇಕಾದ 70ರ ಮೇಲೆ ಇರುವ 20 ಲೀಟರ್ ಫಿಲ್ಟರ್ ಕಟ್ಟುವುದಕ್ಕೆ, ಪಂಪ್ ಸವೆಯುವುದಕ್ಕೆ. 190 ಲೀಟರ್ ವರ್ಗದ ಒಳ್ಳೆಯ ಪಂಪ್ ಈ ಗಾಡಿಗೆ ಧಾರಾಳ. ಅದಕ್ಕಿಂತ ದೊಡ್ಡದು ಹಾಕಿದರೆ ಉಳಿದ ಪೆಟ್ರೋಲ್ ಸುತ್ತಿ ಸುತ್ತಿ ಬಂದು ಟ್ಯಾಂಕ್ ಬಿಸಿಯಾಗುತ್ತದೆ.

ರೈಲಿನ ಪ್ರೆಷರ್ ಹಿಡಿದಿಡುವ ರೆಗ್ಯುಲೇಟರ್‌ಗೆ ಬೂಸ್ಟ್ ಹೋಸ್ ಸೇರಲೇಬೇಕು, ಬೂಸ್ಟ್ ಎಷ್ಟು ಏರುತ್ತದೋ ರೈಲಿನ ಪ್ರೆಷರ್ ಅಷ್ಟೇ ಏರಬೇಕು. ಈ ಹೋಸ್ ಇಲ್ಲದಿದ್ದರೆ 1 ಬಾರ್ ಬೂಸ್ಟ್ ಎದುರಿಗೆ ಒತ್ತಿ ಇಂಜೆಕ್ಟರ್‌ಗೆ ಉಳಿಯುವುದು 2 ಬಾರ್ ಮಾತ್ರ. ಹರಿವು ಪ್ರೆಷರಿನ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಬೇಕಾದ ಹೊತ್ತಿನಲ್ಲೇ ಶೇಕಡಾ 18 ಖೋತಾ. ಹೋಸನ್ನು ಥ್ರಾಟಲ್ ನಂತರದ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದಲೇ ತೆಗೆಯಿರಿ, ಬೂಸ್ಟ್ ಗೇಜ್‌ಗೋ ಬ್ಲೋ ಆಫ್ ವಾಲ್ವ್‌ಗೋ ಟೀ ಹಾಕಿ ಹಂಚಬೇಡಿ. ಮೂಲ ಪ್ರೆಷರ್ ಕೂರಿಸುವಾಗ ಈ ಹೋಸ್ ಬಿಚ್ಚಿ 3 ಬಾರ್‌ಗೆ ತನ್ನಿ. ಮರಳಿ ಹಚ್ಚಿದರೆ ಐಡಲ್‌ನಲ್ಲಿ ಅದು ಸುಮಾರು 2.5ಕ್ಕೆ ಇಳಿಯಬೇಕು.

ಹೋಸ್ ಬಿಚ್ಚಿದಾಗ 3 ಬಾರ್‌ಗೆ ಇಳಿಯಲೇ ಇಲ್ಲವೆಂದರೆ ಮೊದಲು ನೋಡಬೇಕಾದದ್ದು ಉಳಿದ ಪೆಟ್ರೋಲನ್ನು ಹಿಂದಕ್ಕೆ ಒಯ್ಯುವ ರಿಟರ್ನ್ ಲೈನ್. ಕಾರ್ಬ್ಯುರೇಟರ್ ಗಾಡಿಯ ಮೂಲ ಪಂಪ್ ಕೊಡುತ್ತಿದ್ದುದು 0.2, 0.3 ಬಾರ್ ಅಷ್ಟೇ, ಅದರ ಪೈಪುಗಳೂ ಅಷ್ಟಕ್ಕೇ ಮಾಡಿದ ಸಣ್ಣವು. ಹೋಗುವುದಕ್ಕೂ ಬರುವುದಕ್ಕೂ 8 ಮಿಮೀ ಒಳವ್ಯಾಸದ ಹೊಸ ಲೈನ್ ಎಳೆಯಿರಿ. ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾದ ಹೋಸ್ ತುಟ್ಟಿ, ಆದರೂ ಅದೇ ಇರಲಿ. ಆರ್7 ಕಾರ್ಬ್ಯುರೇಟರ್ ಹೋಸ್, ಈ ಪ್ರೆಷರ್‌ಗೆ ಅಲ್ಲ. ಟ್ಯಾಂಕಿನ ಒಳಗೆ ಮುಳುಗುವ ತುಂಡಿಗೆ ಆರ್10 ಬೇಕು, ಏಕೆಂದರೆ ಆರ್9ರ ಹೊರಪದರ ಪೆಟ್ರೋಲಿನಲ್ಲಿ ಮುಳುಗಿರಲು ಮಾಡಿದ್ದಲ್ಲ. ಲೋಹದ ಪೈಪಿನ ತುದಿಗೆ ಉಬ್ಬು ಕಟ್ಟಿಸಿ. ನುಣುಪಾದ ತುದಿಯಿಂದ 4 ಬಾರ್‌ಗೆ ಹೋಸ್ ಜಾರಿ ಬಿಸಿ ಟರ್ಬೊ ಮೇಲೆ ಬಿದ್ದರೆ ಗಾಡಿಗೆ ಬೆಂಕಿ.

ಹಳೆ ಟ್ಯಾಂಕಿನೊಳಗೆ ಅಡ್ಡಗೋಡೆ ಇಲ್ಲದಿದ್ದರೆ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಓಡಿ ಪಂಪ್ ಗಾಳಿ ಎಳೆಯುತ್ತದೆ. ಇದಕ್ಕೆ 1.5 ಲೀಟರಿನ ಸರ್ಜ್ ಟ್ಯಾಂಕ್ (ಪಂಪ್‌ಗಾಗಿ ಸದಾ ತುಂಬಿರುವ ಸಣ್ಣ ಟ್ಯಾಂಕ್) ಸಾಕು. ಗಂಟೆಗೆ 70 ಲೀಟರ್ ಕುಡಿದರೂ ಅದು ಒಂದು ನಿಮಿಷದ ಮೇಲೆ ಬರುತ್ತದೆ. ರೈಲಿನ ರಿಟರ್ನ್ ಸರ್ಜ್ ಟ್ಯಾಂಕಿಗೆ, ಅದರ ತಲೆಯಿಂದ ತುಂಬಿ ಹರಿದದ್ದು ದೊಡ್ಡ ಟ್ಯಾಂಕಿಗೆ. ಅದನ್ನು ತುಂಬಿಸುವ ಸಣ್ಣ ಪಂಪ್ ಎಂಜಿನ್ ಕುಡಿಯುವುದಕ್ಕಿಂತ ಹೆಚ್ಚು ಕೊಟ್ಟರೆ ಆಯಿತು. ಸೀಟಿನ ಹಿಂದೆ, ಜನ ಕೂರುವ ಜಾಗದಲ್ಲಿ ಮಾತ್ರ ಇದನ್ನು ಇಡಬೇಡಿ.

ಪಂಪ್‌ಗೆ ಹಳೆ ವೈರ್ ಸಾಲದು. ಬ್ಯಾಟರಿಯಿಂದ ನೇರ 4 ಚದರ ಮಿಮೀ ವೈರ್, ಬ್ಯಾಟರಿ ಪಕ್ಕದಲ್ಲೇ 20 ಆಂಪ್ ಫ್ಯೂಸ್, 30 ಆಂಪ್ ರಿಲೇ, ಅಷ್ಟೇ ದಪ್ಪದ ಅರ್ತ್. ಪಂಪ್ ಓಡುವಾಗ ಅದರ ಕನೆಕ್ಟರ್‌ನಲ್ಲಿ ಅಳೆದರೆ ಬ್ಯಾಟರಿಗಿಂತ ಅರ್ಧ ವೋಲ್ಟ್‌ಗಿಂತ ಹೆಚ್ಚು ಇಳಿದಿರಬಾರದು. ಎಂಜಿನ್ ನಿಂತರೆ ಇಸಿಯು ರಿಲೇ ಕಡಿಯಬೇಕು. ಡಿಕ್ಕಿಯಾದಾಗ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ಚೂ ಇರಲಿ.

ಎಂಜಿನ್ ಚಾಲೂ ಮಾಡುವ ಮೊದಲು ಒಂದು ಪರೀಕ್ಷೆ. ಬಯಲಲ್ಲಿ, ಬೆಂಕಿ ಆರಿಸುವ ಪೌಡರ್ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ರೆಗ್ಯುಲೇಟರಿನ ರಿಟರ್ನ್ ಹೋಸನ್ನು ಅಳತೆಯ ಲೋಹದ ಕ್ಯಾನಿಗೆ ಬಿಡಿ. ರೆಗ್ಯುಲೇಟರಿನ ಬೂಸ್ಟ್ ನಿಪ್ಪಲ್‌ಗೆ ಗೇಜ್ ಇರುವ ಕೈಪಂಪಿನಿಂದ 1 ಬಾರ್ ಗಾಳಿ ಕೊಡಿ, ರೈಲಿನ ಗೇಜ್ 4 ಬಾರ್ ತೋರಿಸಬೇಕು. ಬ್ಯಾಟರಿಗೆ ಚಾರ್ಜರ್ ಮೊದಲೇ ಹಚ್ಚಿ, ರಿಲೇಗೆ ದೂರದಿಂದ ಸ್ವಿಚ್ ಕೊಟ್ಟು, ಪಂಪನ್ನು 30 ಸೆಕೆಂಡ್ ಓಡಿಸಿ. 750 ಮಿಲಿ ಅಥವಾ ಹೆಚ್ಚು ಬಂದರೆ ಗಂಟೆಗೆ 90 ಲೀಟರ್ ಇದೆ. ಕಡಿಮೆ ಬಂದರೆ ಮೊದಲು ವೋಲ್ಟೇಜ್ ನೋಡಿ, ಆಮೇಲೆ ಫಿಲ್ಟರ್, ಕೊನೆಗೆ ಪಂಪ್.

ಟ್ಯೂನಿಂಗ್ ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆಯೇ ಆಗಲಿ, ಹೆದ್ದಾರಿಯಲ್ಲಿ ಬೇಡ. ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಮೀಟರನ್ನು ಲ್ಯಾಂಬ್ಡಾದಲ್ಲಿ (ಯಾವ ಇಂಧನವಾದರೂ ಸರಿಸಮ ಮಿಶ್ರಣ 1, ಅದಕ್ಕಿಂತ ಕಡಿಮೆ ಇದ್ದರೆ ಪೆಟ್ರೋಲ್ ಹೆಚ್ಚು) ಓದಿದರೆ ಇ20 ಗೊಂದಲ ಇರುವುದಿಲ್ಲ. ಪೂರ್ತಿ ಬೂಸ್ಟ್‌ನಲ್ಲಿ 0.78ರಿಂದ 0.82ರ ನಡುವೆ ಇರಲಿ. ರೈಲಿಗೆ ಪ್ರೆಷರ್ ಸೆನ್ಸರ್ ಹಾಕಿ, ರೈಲ್ ಮತ್ತು ಮ್ಯಾನಿಫೋಲ್ಡ್ ನಡುವಿನ ಅಂತರ 2.6 ಬಾರ್‌ಗಿಂತ ಇಳಿದರೆ ಇಸಿಯು ಬೂಸ್ಟ್ ಕಡಿಯುವಂತೆ ಮಾಡಿ. ಇಡೀ ಕೆಲಸದಲ್ಲಿ ಎಂಜಿನ್ ಉಳಿಸುವ ಭಾಗ ಇದೇ.

ಪಂಪಿನ ಮುಂಚೆ 100 ಮೈಕ್ರಾನ್, ನಂತರ 10 ಮೈಕ್ರಾನ್ ಫಿಲ್ಟರ್ ಇರಲಿ. ಎಥೆನಾಲ್ ಹಳೆ ಟ್ಯಾಂಕಿನ ಜಿಡ್ಡು, ತುಕ್ಕು ಎಬ್ಬಿಸುತ್ತದೆ. ಹೀಗಾಗಿ ಮೊದಲ ಫಿಲ್ಟರನ್ನು 500 ಕಿಮೀಗೇ ಬಿಚ್ಚಿ, ಕತ್ತರಿಸಿ ನೋಡಿ. ಕೆಂಪು ಪುಡಿ ಸಿಕ್ಕರೆ ಟ್ಯಾಂಕ್ ಇಳಿಸಿ ತೊಳೆಸಬೇಕು. ಕಪ್ಪು ರಬ್ಬರ್ ಚೂರು ಸಿಕ್ಕರೆ ಎಲ್ಲೋ ಒಂದು ಕಡೆ ಹಳೆ ಹೋಸ್ ಉಳಿದುಕೊಂಡು ಕರಗುತ್ತಿದೆ, ಅದು ಸಿಗುವವರೆಗೆ ಗಾಡಿಯನ್ನು ಬೂಸ್ಟ್‌ಗೆ ಒಯ್ಯಬೇಡಿ.