ದೊಡ್ಡಬೆಟ್ಟದ ಎತ್ತರದಲ್ಲೊಂದು ಮಹಾನಗರ: ಬೊಗೊಟಾದಲ್ಲಿ ನನ್ನ ಎಂಟು ದಿನ

ಊಟಿಗೆ ಹೋದವರು ದೊಡ್ಡಬೆಟ್ಟವನ್ನೂ ನೋಡಿರ್ತೀರಿ. ಅದರ ತುದಿ 2,637 ಮೀಟರ್. ಕೊಲಂಬಿಯಾದ ರಾಜಧಾನಿ ಬೊಗೊಟಾ ಇರೋದು ಸುಮಾರು 2,640 ಮೀಟರ್ ಎತ್ತರದಲ್ಲಿ. ದೊಡ್ಡಬೆಟ್ಟದ ತುದಿಯಷ್ಟು ಮೇಲೆ ಒಂದು ವಿಶಾಲವಾದ ಬಯಲು, ಅಲ್ಲಿ ಎಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ. ಹೊರಡುವ ಮುಂಚೆ ಈ ಲೆಕ್ಕ ಓದಿದ್ದೆ, ಆದರೆ ಅದರ ಅರ್ಥ ತಲೆಗೆ ಹೋಗಿರಲಿಲ್ಲ.

ಬೆಳಿಗ್ಗೆ ವಿಮಾನ ಇಳಿದೆ. ಮಧ್ಯಾಹ್ನವೇ ಮೊನ್ಸೆರಾಟೆ ಬೆಟ್ಟಕ್ಕೆ ಹೊರಟೆ. ಊರಿನ ಪೂರ್ವಕ್ಕೆ ಗೋಡೆ ಹಾಗೆ ನಿಂತಿರುವ ಬೆಟ್ಟಸಾಲಿನಲ್ಲಿ ಅದೊಂದು ಶಿಖರ, 3,152 ಮೀಟರ್. ಮೇಲೆ ಬಿಳಿ ಚರ್ಚು. 1929ರಿಂದ ಓಡುತ್ತಿರುವ, ಕೇಬಲ್ ಎಳೆಯುವ ರೈಲಿದೆ, ರೋಪ್‌ವೇ ಇದೆ. ನಾನು ಮಾತ್ರ ಮೆಟ್ಟಿಲು ಹತ್ತೋಣ ಅಂದುಕೊಂಡೆ. ಕಾಲು ಭಾಗ ಹತ್ತುವಷ್ಟರಲ್ಲಿ ಎದೆ ಡವಗುಟ್ಟಿ, ಕಣ್ಣ ಹಿಂದೆ ಸಿಡಿತ ಶುರುವಾಯ್ತು. ವಾಪಸ್ ಇಳಿದುಬಿಟ್ಟೆ.

ಕೆಳಗೆ ಒಂದು ಸಣ್ಣ ಅಂಗಡಿ. ಅಲ್ಲಿದ್ದ ಅಜ್ಜಿ ನನ್ನ ಮುಖ ನೋಡಿ, ಏನೂ ಕೇಳದೆ ಒಂದು ದೊಡ್ಡ ಲೋಟ ಇಟ್ಟರು. ಕಂದು ಬಣ್ಣ, ಹಬೆ ಏಳ್ತಾ ಇತ್ತು. ಮೂಗಿನ ಹತ್ತಿರ ತಂದ ಕೂಡಲೇ ಆಲೆಮನೆ ನೆನಪಾಯ್ತು. ಬೆಲ್ಲ! ಅದಕ್ಕೆ ಅಲ್ಲಿ ‘ಅಗ್ವಪನೇಲಾ’ ಅಂತಾರೆ. ಪನೇಲಾ ಅಂದರೆ ಕಬ್ಬಿನ ಹಾಲು ಕಾಯಿಸಿ ಅಚ್ಚಿಗೆ ಹೊಯ್ದ ಬೆಲ್ಲವೇ. ಪಕ್ಕದಲ್ಲಿ ಒಂದು ತುಂಡು ಬಿಳಿ ಚೀಸ್. ಅದನ್ನು ಬಿಸಿ ಬೆಲ್ಲದ ನೀರಿಗೆ ಹಾಕಿ, ಮೆತ್ತಗೆ ಆದಮೇಲೆ ಚಮಚದಲ್ಲಿ ಎತ್ತಿದರೆ ನೂಲಿನ ಹಾಗೆ ಎಳೆ ಬರುತ್ತೆ. ಸಿಹಿ ಜೊತೆ ಉಪ್ಪು. ಮಲೆನಾಡಿನ ನಮ್ಮ ಅಜ್ಜಿ ಮನೆಯಲ್ಲಿ ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡ್ತಿದ್ದರು. ಇಲ್ಲಿ ಚಳಿಯಲ್ಲಿ ಬಂದವನಿಗೂ ಅದೇ. ಲೋಟ ಹಿಡಿದು ಕೂತಾಗ ಕಣ್ಣು ತುಂಬಿ ಬಂತು, ನಿಜ ಹೇಳ್ತೀನಿ.

ಆ ಅಜ್ಜಿ ನನ್ನನ್ನು ‘ಸುಮರ್ಸೆ’ ಅಂತ ಕರೆದರು. ಅದು ಹಳೇ ಕಾಲದಲ್ಲಿ ದೊಡ್ಡವರನ್ನು ಕರೆಯುತ್ತಿದ್ದ ಗೌರವದ ಮಾತು, ಈಗ ಬೊಗೊಟಾ ಕಡೆ ಪ್ರೀತಿಯಿಂದ ಎಲ್ಲರಿಗೂ ಬಳಸ್ತಾರೆ. ನಮ್ಮ ಅಂಗಡಿಗಳಲ್ಲಿ ‘ಏನ್ ಬೇಕು ಸ್ವಾಮಿ’ ಅಂತಾರಲ್ಲ, ಥೇಟ್ ಹಾಗೇ.

ಇಷ್ಟು ಎತ್ತರದ ತೆಳು ಗಾಳಿಗೆ ಮೈ ಹೊಂದಿಕೊಳ್ಳೋಕೆ ಸಮಯ ಬೇಕು, ಅದಕ್ಕೇ ನಾನು ಎಲ್ಲರಿಗೂ ಹೇಳೋದು: ಮೊದಲ ಎರಡು ದಿನ ಬೆಟ್ಟದ ಕಡೆ ಹೋಗಬೇಡಿ. ನೀರು ಜಾಸ್ತಿ ಕುಡಿಯಿರಿ, ರಾತ್ರಿ ಊಟ ಕಮ್ಮಿ ಮಾಡಿ, ಸಮತಟ್ಟಾದ ಬೀದಿಗಳಲ್ಲಿ ನಿಧಾನಕ್ಕೆ ಓಡಾಡಿ. ಸ್ವೆಟರೂ ಕೊಡೆಯೂ ಯಾವಾಗಲೂ ಚೀಲದಲ್ಲಿರಲಿ. ಭೂಮಧ್ಯರೇಖೆಗೆ ಹತ್ತಿರ ಇದ್ದರೂ ಸರಾಸರಿ ತಾಪಮಾನ 14 ಡಿಗ್ರಿ ಆಸುಪಾಸು. ಬಿಸಿಲು, ಮಂಜು, ಮಳೆ ಮೂರೂ ಒಂದೇ ಮಧ್ಯಾಹ್ನ ಬಂದು ಹೋಗುತ್ತವೆ.

ಓಡಾಡೋಕೆ ಬೆಟ್ಟವೇ ದಿಕ್ಸೂಚಿ. ಬೆಟ್ಟ ಕಂಡರೆ ಅದು ಪೂರ್ವ. ಬೆಟ್ಟಕ್ಕೆ ಸಮಾನಾಂತರವಾಗಿ ಉತ್ತರ-ದಕ್ಷಿಣ ಹೋಗುವ ರಸ್ತೆ ‘ಕಾರೇರಾ’, ಅದನ್ನು ಅಡ್ಡ ಕತ್ತರಿಸುವುದು ‘ಕಾಯೇ’. ಎಲ್ಲಕ್ಕೂ ನಂಬರ್. ಚಿನ್ನದ ಮ್ಯೂಸಿಯಂ ವಿಳಾಸ ಕಾರೇರಾ 6, 15-88. ಅಂದರೆ ಆರನೇ ಕಾರೇರಾದಲ್ಲಿ, 15ನೇ ಕಾಯೇ ದಾಟಿ ಸುಮಾರು 88 ಮೀಟರ್ ಮುಂದೆ. ಇದು ಅರ್ಥವಾದ ಮೇಲೆ ನನಗೆ ಫೋನ್ ಮ್ಯಾಪ್ ಬೇಕಾಗಲೇ ಇಲ್ಲ. ಅದು ಒಳ್ಳೆಯದೇ ಆಯ್ತು, ಯಾಕೆಂದರೆ ರಸ್ತೆಯಲ್ಲಿ ಫೋನ್ ಹಿಡಿದು ನಿಲ್ಲಬಾರದು. ಅಲ್ಲಿನವರೇ ‘ಪಪಾಯಾ ಕೊಡಬೇಡಿ’ ಅಂತ ಎಚ್ಚರಿಸ್ತಾರೆ. ಕಳ್ಳನಿಗೆ ನೀವಾಗಿ ಅವಕಾಶ ಮಾಡಿಕೊಡಬೇಡಿ ಅಂತ ಅರ್ಥ. ಎಂಟು ದಿನದಲ್ಲಿ ನನಗೆ ಏನೂ ತೊಂದರೆ ಆಗಲಿಲ್ಲ. ಕತ್ತಲಾದ ಮೇಲೆ ಮಾತ್ರ ಹಳೇ ಊರು ಲಾ ಕಾಂದೆಲಾರಿಯಾದ ಓಣಿಗಳಲ್ಲಿ ಒಬ್ಬನೇ ನಡೆಯಲಿಲ್ಲ. ದೂರಕ್ಕೆ ಟ್ರಾನ್ಸ್‌ಮಿಲೇನಿಯೊ ಬಸ್ಸು. 2000ದಲ್ಲಿ ಶುರುವಾದ ಕೆಂಪು ಉದ್ದ ಬಸ್ಸುಗಳು, ಅವಕ್ಕೇ ಬೇರೆ ದಾರಿ. ವೇಗ ಚೆನ್ನಾಗಿದೆ, ಆದರೆ ಸಂಜೆಯ ನೂಕುನುಗ್ಗಲು ನಮ್ಮ ಮೆಜೆಸ್ಟಿಕ್‌ಗೆ ಕಮ್ಮಿ ಇಲ್ಲ.

ಚಿನ್ನದ ಮ್ಯೂಸಿಯಂಗೆ ನಾನು ಎರಡು ಸಲ ಹೋದೆ. ಅದೂ ಒಂದೇ ವಸ್ತುವಿಗಾಗಿ. 1969ರಲ್ಲಿ ಪಾಸ್ಕಾ ಎಂಬಲ್ಲಿ ಗುಹೆಯೊಂದರಲ್ಲಿ ರೈತರಿಗೆ ಸಿಕ್ಕಿದ ಚಿನ್ನದ ತೆಪ್ಪ, ಅಲ್ಲಿನ ಮೂಲನಿವಾಸಿ ಮುಯಿಸ್ಕಾ ಜನರದ್ದು. ಉದ್ದ 19.5 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ನಡುವೆ ದೊಡ್ಡದಾಗಿ ನಾಯಕ, ಸುತ್ತ ಪುಟ್ಟ ಪುಟ್ಟ ಜನ. ಮೈಗೆ ಚಿನ್ನದ ಪುಡಿ ಬಳಿದುಕೊಂಡ ನಾಯಕ ಗ್ವಾತವೀತಾ ಕೆರೆಯ ನಡುವೆ ತೆಪ್ಪದಲ್ಲಿ ಹೋಗಿ ಚಿನ್ನ ಅರ್ಪಿಸುತ್ತಿದ್ದನಂತೆ. ‘ಎಲ್ ಡೊರಾಡೊ’ ಅಂದರೆ ಚಿನ್ನ ಲೇಪಿಸಿದವನು. ಯುರೋಪಿನವರು ಅದನ್ನು ಚಿನ್ನದ ಊರು ಮಾಡಿಕೊಂಡು ನೂರಾರು ವರ್ಷ ಹುಡುಕಿದರು, ಕೆರೆಯನ್ನೇ ಬತ್ತಿಸೋಕೆ ನೋಡಿದರು. ಮೇಣದಲ್ಲಿ ಗೊಂಬೆ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಲೋಹ ಹೊಯ್ದ ಕೆಲಸ ಆ ತೆಪ್ಪ. ನಮ್ಮ ಪಂಚಲೋಹದ ವಿಗ್ರಹ ಮಾಡುವವರದ್ದೂ ಇದೇ ಕ್ರಮ ಅಲ್ವಾ? ಗಾಜಿಗೆ ಮುಖ ಹಚ್ಚಿ ನೋಡಿದರೆ ನಾಯಕನ ಪಕ್ಕದವರ ತಲೆಯ ಮೇಲಿನ ತಂತಿಯಂಥ ಸುರುಳಿಗಳೂ ಕಾಣ್ತವೆ. ಸೋಮವಾರ ಮ್ಯೂಸಿಯಂ ಮುಚ್ಚಿರುತ್ತೆ, ನೆನಪಿಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಊರಿನ ಹೆಸರಾಂತ ಸೂಪು ಅಹಿಯಾಕೊ, ಮೂರು ಬಗೆ ಆಲೂಗಡ್ಡೆ ಹಾಕಿ ಮಾಡ್ತಾರೆ. ‘ಕೋಳಿ ಬೇಡ’ ಅಂದರೆ ತುಂಡು ತೆಗೆದು ಕೊಡಬಹುದು, ಆದರೆ ಬೇಯಿಸಿದ್ದೇ ಕೋಳಿ ನೀರಲ್ಲಿ. ನಾನು ಅರೇಪಾ ಎಂಬ ಮೆಕ್ಕೆಜೋಳದ ರೊಟ್ಟಿ, ಬೆಣ್ಣೆಹಣ್ಣು, ಚೀಸ್ ಹಾಕಿದ ಬಿಸಿ ಚಾಕೊಲೇಟ್, ಮತ್ತೆ ಪಾಲೊಕೆಮಾವೊ ಮಾರ್ಕೆಟ್ಟಿನ ಹಣ್ಣುಗಳಲ್ಲಿ ಹೊಟ್ಟೆ ತುಂಬಿಸಿಕೊಂಡೆ. ಲೂಲೊ ಹಣ್ಣಿನ ರಸ ಮಾತ್ರ ಬಿಡಬೇಡಿ. ಹುಳಿ ಮುಂದೆ, ಸಿಹಿ ಹಿಂದೆ.

ಆದರೆ ಬೊಗೊಟಾ ನನ್ನದಾಯ್ತು ಅನ್ನಿಸಿದ್ದು ಭಾನುವಾರ. ಅವತ್ತು ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ 120 ಕಿಲೋಮೀಟರಿಗೂ ಜಾಸ್ತಿ ರಸ್ತೆಯಿಂದ ವಾಹನ ತೆಗೆದು ಸೈಕಲ್ಲಿಗೆ, ನಡೆಯುವವರಿಗೆ ಬಿಡ್ತಾರೆ. 1970ರ ದಶಕದಿಂದ ನಡೆದುಬಂದ ಇದಕ್ಕೆ ‘ಸಿಕ್ಲೊವಿಯಾ’ ಅಂತ ಹೆಸರು. ನಾನೂ ಒಂದು ಸೈಕಲ್ ಬಾಡಿಗೆಗೆ ತಗೊಂಡು ಏಳನೇ ಕಾರೇರಾದಲ್ಲಿ ಉತ್ತರಕ್ಕೆ, ಉಸಾಕೆನ್ ಸಂತೆಯವರೆಗೆ ಹೋದೆ. ಬಲಗಡೆ ಉದ್ದಕ್ಕೂ ಬೆಟ್ಟ. ಸ್ಕೇಟ್ ಹಾಕಿಕೊಂಡ ಅಜ್ಜ, ತಳ್ಳುಗಾಡಿಯಲ್ಲಿ ಮಗು ಕೂರಿಸಿ ಓಡ್ತಿದ್ದ ತಾಯಿ, ದಾರಿ ಬದಿಯಲ್ಲಿ ಕಿತ್ತಳೆ ಹಿಂಡಿ ಕೊಡುವವರು. ಒಂದು ಏರಿನಲ್ಲಿ ಸುಸ್ತಾಗಿ ಕಾಲೂರಿ ನಿಂತೆ. ಪಕ್ಕ ಬಂದ ಹುಡುಗಿಯೊಬ್ಬಳು ‘ಸುಮ್ನೆ ನಿಧಾನಕ್ಕೆ ಬನ್ನಿ’ ಅನ್ನೋ ಹಾಗೆ ಕೈಸನ್ನೆ ಮಾಡಿ, ಮೇಲಿನ ತಿರುವಿನವರೆಗೂ ನನ್ನ ಜೊತೆಗೇ ಮೆಲ್ಲಗೆ ತುಳಿದಳು.