‘ಏಷ್ಯಾದಲ್ಲೇ ಮೊದಲು’ ಎಂದು ಹೇಳಿದವರು ಯಾರು?

ಪದವಿಪೂರ್ವ ತರಗತಿಗಳಲ್ಲಿ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೂ 20 ಅಂಕಗಳ ಆಂತರಿಕ ಮೌಲ್ಯಮಾಪನ ಬಂದ ಮೇಲೆ ನಮ್ಮ ಕಲಾ ವಿಭಾಗದ ಮಕ್ಕಳೂ ಪ್ರಾಜೆಕ್ಟ್ ಬರೆಯುವಂತಾಯಿತು. ಅದರ ಬೆನ್ನಿಗೇ ಝೆರಾಕ್ಸ್ ಅಂಗಡಿಗಳಲ್ಲಿ ಸಿದ್ಧ ಪ್ರಾಜೆಕ್ಟುಗಳೂ ಸಿಗತೊಡಗಿದವು. ಹೆಸರು, ರೋಲ್ ನಂಬರ್ ಬರೆಯುವ ಜಾಗ ಮಾತ್ರ ಖಾಲಿ ಬಿಟ್ಟಿರುತ್ತಾರೆ. ಅಂಥ ಒಂದು ಫೈಲು ನನ್ನ ಕೈಗೂ ಬಂತು. ವಿಷಯ ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದ ಸಹಕಾರ ಸಂಘ. ಕೊನೆಯ ಪುಟದ ಆಧಾರ ಗ್ರಂಥಗಳಲ್ಲಿ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ ಧಾರವಾಡ ಸಂಪುಟದ ಹೆಸರಿತ್ತು. ಆ ಗೆಜೆಟಿಯರ್ ಅಚ್ಚಾದದ್ದು 1884ರಲ್ಲಿ, ಸಂಘ ಹುಟ್ಟಿದ್ದು 1905ರಲ್ಲಿ. ಇಪ್ಪತ್ತೊಂದು ವರ್ಷ ಮುಂದಿನ ಸಂಗತಿಯನ್ನು ಗೆಜೆಟಿಯರ್ ಬರೆದವರು ಹೇಗೆ ಕಂಡರು ಎಂದು ಕೇಳಿದಾಗ ತರಗತಿ ನಕ್ಕಿತು, ಫೈಲು ತಂದ ಹುಡುಗನೂ ನಕ್ಕ. ಅವನು ಆ ಪುಸ್ತಕವನ್ನು ಕಣ್ಣಿನಿಂದಲೂ ನೋಡಿರಲಿಲ್ಲ.

ನಕಲು ಮಾಡುವ ಮಕ್ಕಳನ್ನು ಕಳ್ಳರಂತೆ ನೋಡುವ ಸಹೋದ್ಯೋಗಿಗಳಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಗೈಡಿನಲ್ಲಿದ್ದ ಉತ್ತರವನ್ನು ಅಕ್ಷರ ಬಿಡದೆ ಬರೆದವನಿಗೆ ಪೂರ್ಣ ಅಂಕ ಕೊಟ್ಟು ಹತ್ತನೆಯ ತರಗತಿ ದಾಟಿಸಿದವರು ನಾವೇ. ಹನ್ನೊಂದನೆಯ ತರಗತಿಗೆ ಕಾಲಿಟ್ಟ ಕೂಡಲೇ ‘ಸ್ವಂತ ಮಾತಿನಲ್ಲಿ ಬರೆಯಿರಿ’ ಎಂದರೆ ಆ ಸ್ವಂತ ಮಾತು ಎಲ್ಲಿಂದ ಬರಬೇಕು? ಹೀಗಾಗಿ ನಾನು ಪ್ರಾಜೆಕ್ಟಿನ ವಿಷಯ ಹಂಚುವುದಕ್ಕೆ ಮೊದಲೇ, ಮೊಬೈಲಿನಲ್ಲಿ ಹುಡುಕಲು ಬಿಡುವುದಕ್ಕೂ ಮೊದಲೇ, ಬರೀ ಒಂದೆರಡು ವಾಕ್ಯಗಳನ್ನು ಇಟ್ಟುಕೊಂಡು ಕೂರುತ್ತೇನೆ.

ಬೋರ್ಡಿನ ಮೇಲೆ ನಾನೇ ಬರೆದ ಒಂದು ವಾಕ್ಯ ಇದು: ‘ಸಾಹುಕಾರರ ಬಡ್ಡಿಯ ಹಿಡಿತದಿಂದ ರೈತರನ್ನು ಬಿಡಿಸುವ ಉದ್ದೇಶದಿಂದ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು, ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ.’ ಇದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ ಎಂದೆ. ಬಹಳಷ್ಟು ಮಕ್ಕಳು ರೈತರನ್ನು ಕೃಷಿಕರನ್ನಾಗಿಸಿದರು, ಸಾಹುಕಾರರನ್ನು ಲೇವಾದೇವಿಗಾರರನ್ನಾಗಿಸಿದರು, ಉದ್ದೇಶದ ಜಾಗಕ್ಕೆ ಗುರಿ ತಂದರು. ವಾಕ್ಯದ ಬೆನ್ನೆಲುಬು ನಾನು ಬರೆದದ್ದೇ. ಕೊನೆಗೆ ‘ಸದಸ್ಯರಿಗೆ ಅಪಾರ ಜವಾಬ್ದಾರಿ ಇತ್ತು’ ಎಂದು ಮುಗಿಸಿದ್ದರು. ಓದಿದರೆ ಸದಸ್ಯರನ್ನು ಹೊಗಳಿದ ಹಾಗಿದೆ. ಅಲ್ಲಿ ಕಾನೂನು ಹೇಳುವ ಮಾತೇ ಬೇರೆ: ಸಂಘ ಸಾಲ ತೀರಿಸಲಾಗದೆ ಹೋದರೆ ಸದಸ್ಯ ಹಾಕಿದ ಷೇರು ಹಣ ಮಾತ್ರವಲ್ಲ, ಅವನ ಸ್ವಂತ ಆಸ್ತಿಗೂ ಕೈ ಬೀಳಬಹುದು. ಜರ್ಮನಿಯ ರೈಫೈಸನ್ ಮಾದರಿಯ ಹಳ್ಳಿ ಸಂಘಗಳಿಂದ ಬಂದ ಕಟ್ಟಳೆ ಅದು. ಪದ ಬದಲಿಸಿದವರಿಗೆ ಈ ಅರ್ಥ ತಪ್ಪಿಹೋಗಿತ್ತು, ತಪ್ಪಿದ್ದು ಅವರ ಗಮನಕ್ಕೂ ಬಂದಿರಲಿಲ್ಲ.

ಆಮೇಲೆ ಕ್ರಮ ಬದಲಿಸಿದೆವು. ಓದಬೇಕು, ಹಾಳೆಯನ್ನು ಮಗುಚಿ ಇಡಬೇಕು, ಪಕ್ಕದಲ್ಲಿ ಕೂತವರಿಗೆ ಬಾಯಿಂದ ಹೇಳಬೇಕು. ಅವರು ‘ಅಂದರೇನು?’ ಎಂದು ಕೇಳಲೇಬೇಕು, ಅದು ಅವರ ಕೆಲಸ. ಉತ್ತರ ಹೊಳೆಯದಿದ್ದರೆ ಮತ್ತೆ ಓದಬೇಕು. ಹೇಳಿ ಮುಗಿದ ಮೇಲಷ್ಟೇ ಪೆನ್ನು ಹಿಡಿಯುವುದು. ಕಟ್ಟಕಡೆಗೆ ಮೂಲವನ್ನು ತೆರೆದು ಇಸವಿ, ಹೆಸರು, ಅಂಕಿ ಸರಿಯಿವೆಯೇ ಎಂದು ತಾಳೆ ನೋಡುವುದು. ಒಬ್ಬ ಹುಡುಗಿಯ ತಾಯಿ ಸ್ವಸಹಾಯ ಸಂಘದ ಸದಸ್ಯೆ. ಗುಂಪಿನಲ್ಲಿ ಒಬ್ಬರು ಕಂತು ತಪ್ಪಿಸಿದರೆ ಉಳಿದವರು ಕೈಯಿಂದ ತುಂಬುವುದನ್ನು ಅವಳು ಮನೆಯಲ್ಲೇ ಕಂಡವಳು. ಅವಳು ಬರೆದದ್ದು: ‘ಸಂಘದ ಸಾಲ ಮುಳುಗಿದರೆ ಸದಸ್ಯರ ಸ್ವಂತ ಆಸ್ತಿಗೂ ಕುತ್ತು ಬರುವಂತೆ 1904ರ ಕಾಯ್ದೆ ಹಳ್ಳಿಯ ಸಂಘಗಳನ್ನು ಕಟ್ಟಿತ್ತು. ಆದ್ದರಿಂದ ಯಾರಿಗೆ ಸಾಲ ಕೊಡಬೇಕು ಎಂಬುದನ್ನು ಊರಿನವರು ಹತ್ತು ಸಲ ಯೋಚಿಸುತ್ತಿದ್ದರು.’

ಮೊದಲ ವಾಕ್ಯಕ್ಕೆ ಬೆನ್ನು ತಟ್ಟಿದೆ. ಎರಡನೆಯದರ ಬಳಿ ನಿಂತೆವು. ಊರಿನವರು ಹತ್ತು ಸಲ ಯೋಚಿಸುತ್ತಿದ್ದರು ಎಂದು ಮೂಲದಲ್ಲಿ ಎಲ್ಲಿದೆ? ಇಲ್ಲ. ಅದು ಅವಳ ಊಹೆ. ಒಳ್ಳೆಯ ಊಹೆಯೇ. ಅದನ್ನು ಹೊಡೆದುಹಾಕಬೇಡ, ‘ಯೋಚಿಸುತ್ತಿದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ’ ಎಂದು ತಿದ್ದು ಎಂದೆ. ಇಡೀ ವರ್ಷದ ಪಾಠದಲ್ಲಿ ಮಕ್ಕಳಿಗೆ ಹೆಚ್ಚು ಕಷ್ಟವಾಗುವುದು ಇದೇ. ಮೂಲ ಹೇಳಿದ್ದು ಎಲ್ಲಿ ಮುಗಿಯಿತು, ತಾನು ಹೇಳಿದ್ದು ಎಲ್ಲಿ ಶುರುವಾಯಿತು ಎಂಬ ಗೆರೆ ಓದುವವರಿಗೆ ಕಾಣಬೇಕು. ಎಷ್ಟೋ ದೊಡ್ಡವರ ಲೇಖನಗಳಲ್ಲೂ ಆ ಗೆರೆ ಕಾಣುವುದಿಲ್ಲ.

ಇನ್ನು ಆಧಾರಗಳ ಮಾತು. ಕಣಗಿನಹಾಳವನ್ನೇ ಪಾಠಕ್ಕೆ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಗದಗ ಸೀಮೆಯ ಯಾವ ಮಗುವನ್ನು ಕೇಳಿದರೂ ‘ಏಷ್ಯಾದಲ್ಲೇ ಮೊದಲ ಸಹಕಾರ ಸಂಘ’ ಎಂಬ ಮಾತು ಬರುತ್ತದೆ. ಸಂಘ ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಹೆಸರು ಬರುತ್ತದೆ, 1905 ಬರುತ್ತದೆ. ಈ ಮಾತಿಗೆ ಆಧಾರ ತನ್ನಿ ಎಂದು ಕಳುಹಿಸಿದೆ. ಪತ್ರಿಕೆಯ ತುಣುಕು, ಸ್ಪರ್ಧಾತ್ಮಕ ಪರೀಕ್ಷೆಯ ಸಾಮಾನ್ಯ ಜ್ಞಾನದ ಪುಸ್ತಕ, ವಿಕಿಪೀಡಿಯ, ಯೂಟ್ಯೂಬ್ ವಿಡಿಯೊ, ಯಾರದೋ ಭಾಷಣ ಎಲ್ಲ ಬಂದವು. ‘ಎಲ್ಲ ಕಡೆಯೂ ಇದೇ ಇದೆ ಸರ್’ ಎಂದರು, ಮತ ಎಣಿಸಿ ಗೆದ್ದವರ ಹಾಗೆ.

ಬಂದದ್ದನ್ನೆಲ್ಲ ಇಸವಿಯ ಪ್ರಕಾರ ನೆಲದ ಮೇಲೆ ಸಾಲಾಗಿ ಇಟ್ಟೆವು. ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಬರೆದವರು ಯಾರು, ಅವರಿಗೆ ಇದು ಹೇಗೆ ಗೊತ್ತಾಯಿತು, ಹೀಗೆ ಹೇಳುವುದರಿಂದ ಅವರಿಗೆ ಏನಾದರೂ ಲಾಭವಿದೆಯೇ. ಎರಡನೆಯ ಪ್ರಶ್ನೆಗೆ ಸಾಲಿನಲ್ಲಿದ್ದ ಯಾವ ಹಾಳೆಯೂ ಉತ್ತರ ಕೊಡಲಿಲ್ಲ. ಹಲವು ಬರಹಗಳಲ್ಲಿ ಒಂದೇ ವಾಕ್ಯ, ಒಂದೇ ಅಚ್ಚುತಪ್ಪಿನ ಸಮೇತ ಇತ್ತು. ಒಬ್ಬರು ಬರೆದದ್ದನ್ನು ಹತ್ತು ಜನ ಇಳಿಸಿಕೊಂಡರೆ ಸಾಕ್ಷಿಗಳು ಹತ್ತಾಗುವುದಿಲ್ಲ ಎಂದು ನಾನು ಹೇಳಬೇಕಾಗಲಿಲ್ಲ. ಅಚ್ಚುತಪ್ಪನ್ನು ಬೆರಳಿಟ್ಟು ತೋರಿಸಿದ ಹುಡುಗನೇ ಹೇಳಿದ.

ನಂತರ ಎದುರು ಪಕ್ಷದ ಪುರಾವೆ ಹುಡುಕಲು ಬಿಟ್ಟೆ. ಇದು ಮಕ್ಕಳು ತಾವಾಗಿ ಎಂದೂ ಮಾಡದ ಕೆಲಸ. ಹುಡುಕುವ ಪೆಟ್ಟಿಗೆಯಲ್ಲಿ ‘ಕಣಗಿನಹಾಳ ಏಷ್ಯಾದ ಮೊದಲ’ ಎಂದು ಹಾಕಿದರೆ ಅದೇ ಬರುತ್ತದೆ. ‘ಕಣಗಿನಹಾಳ’ವನ್ನು ಬಿಟ್ಟು, ಭಾರತದ ಮೊದಲ ಸಹಕಾರ ಸಂಘ ಯಾವುದು, ಜಪಾನಿನಲ್ಲಿ ಸಹಕಾರ ಕಾನೂನು ಯಾವಾಗ ಬಂತು ಎಂದು ಹುಡುಕಿ ಎಂದೆ. ಬರೋಡದ ಅನ್ಯೋನ್ಯ ಸಹಕಾರಿ ಮಂಡಳಿ ಸಿಕ್ಕಿತು, ಅದು 1889ರದು, ಕಾಯ್ದೆಗಿಂತ ಹಿಂದಿನದು. ಈಗಿನ ತಿರುವಳ್ಳೂರು ಜಿಲ್ಲೆಯ ತಿರೂರಿನ ಸಂಘ 1904ರಲ್ಲೇ ನೋಂದಣಿಯಾಯಿತು ಎನ್ನುವ ತಮಿಳುನಾಡಿನ ಬರಹಗಳು ಸಿಕ್ಕವು. ಜಪಾನಿನಲ್ಲಂತೂ 1900ರಲ್ಲೇ ಸಹಕಾರ ಸಂಘಗಳ ಕಾನೂನು ಬಂದಿತ್ತು. ಜಪಾನ್ ಏಷ್ಯಾದಲ್ಲೇ ಇದೆಯಲ್ಲ ಸರ್ ಎಂದು ಹಿಂದಿನ ಬೆಂಚಿನಿಂದ ಒಬ್ಬ ಸಣ್ಣ ದನಿಯಲ್ಲಿ ಕೇಳಿದ.

ತರಗತಿ ಎರಡು ಪಾಲಾಯಿತು. ಕಣಗಿನಹಾಳದ ಸುತ್ತಲಿನ ಹಳ್ಳಿಯ ಮಕ್ಕಳಿಗೆ ಸಿಟ್ಟು. ‘ನಮ್ಮ ಊರ ಹೆಸರು ಕೆಡಿಸಿದಂತಾಯಿತಲ್ಲವೇ ಸರ್?’ ಎಂದವನ ಮನೆಯಿಂದ ಮರುದಿನ ತಂದೆಯೂ ಬಂದರು. ಕೂರಿಸಿ ಮಾತಾಡಿದೆ. ಕಾನೂನು ಬಂದ ಮರುವರ್ಷವೇ, ಕಣ್ಣ ಮುಂದೆ ಮಾದರಿಯಿಲ್ಲದ ಒಂದು ಬಯಲುಸೀಮೆಯ ಹಳ್ಳಿಯಲ್ಲಿ ಜನ ಒಬ್ಬರ ಸಾಲಕ್ಕೆ ಇನ್ನೊಬ್ಬರು ಆಸ್ತಿ ಒಡ್ಡಿ ಸಂಘ ಕಟ್ಟಿದರು ಎಂಬುದಕ್ಕಿಂತ ದೊಡ್ಡ ಹೆಮ್ಮೆ ಯಾವ ‘ಮೊದಲು’ ಎಂಬ ಬಿರುದಿನಿಂದ ಬರಬೇಕು ಯಜಮಾನರೇ ಎಂದೆ. ಅವರು ಒಪ್ಪಿದರೋ ಇಲ್ಲವೋ, ಚಹಾ ಕುಡಿದು ಹೋದರು.

ತೀರ್ಪು ಕೊಡುವ ಕೆಲಸವನ್ನು ಮಕ್ಕಳಿಗೇ ಬಿಟ್ಟೆ. ಮೊದಲು ಎಂದರೆ ಯಾವುದರಲ್ಲಿ ಮೊದಲು? ಹಳ್ಳಿಯಲ್ಲೋ ಪಟ್ಟಣದಲ್ಲೋ? ನೋಂದಣಿ ಆದದ್ದರಲ್ಲೋ, ಕೆಲಸ ಶುರು ಮಾಡಿದ್ದರಲ್ಲೋ? ಯಾವ ಕಾಯ್ದೆಯ ಅಡಿ? ವಾದವಿವಾದದ ಕೊನೆಗೆ ಅವರು ಒಪ್ಪಿದ ವಾಕ್ಯ: ‘1904ರ ಕಾಯ್ದೆ ಬಂದ ಮರುವರ್ಷವೇ ಹುಟ್ಟಿದ ಕಣಗಿನಹಾಳದ ಸಂಘ ದೇಶದ ತೀರ ಆರಂಭದ ಗ್ರಾಮೀಣ ಪತ್ತಿನ ಸಂಘಗಳಲ್ಲಿ ಒಂದು, ಅದನ್ನು ಏಷ್ಯಾದ ಮೊದಲನೆಯದು ಎಂದು ಕರ್ನಾಟಕದ ಅನೇಕ ಬರಹಗಳು ಕರೆಯುತ್ತವೆ, ನಾವು ನೋಡಿದ ಬರಹಗಳಲ್ಲಿ ಅದಕ್ಕೆ ದಾಖಲೆ ಕೊಟ್ಟಿಲ್ಲ.’ ಭಾಷಣಕ್ಕೆ ಒದಗುವ ವಾಕ್ಯವಲ್ಲ, ಪ್ರಾಜೆಕ್ಟಿಗೆ ಸಾಕು.

ಈ ಪಾಠದ ನಂತರ ‘ಎಂದು ಹೇಳಲಾಗುತ್ತದೆ’, ‘ಎಂದು ತಿಳಿದುಬಂದಿದೆ’ ಎರಡನ್ನೂ ನನ್ನ ತರಗತಿಯಲ್ಲಿ ನಿಷೇಧಿಸಿದ್ದೇನೆ. ಹೇಳಿದವರ ಹೆಸರು ಬರೆಯಬೇಕು. ಅಜ್ಜ ಹೇಳಿದ್ದರೆ ಅಜ್ಜ ಎಂದೇ ಬರೆಯಿರಿ, ಅವರ ವಯಸ್ಸನ್ನೂ ಸೇರಿಸಿ. ಸೊಸೈಟಿಯಲ್ಲಿ ಬೀಜ ಗೊಬ್ಬರ ತಂದ ನೆನಪಿಗೆ ಅಜ್ಜನಷ್ಟು ಒಳ್ಳೆಯ ಆಧಾರ ಇನ್ನೊಂದಿಲ್ಲ. 1905ರ ಸಂಗತಿಗೆ ಅವರು ಆಧಾರವಾಗುವುದಿಲ್ಲ, ಅವರು ಹುಟ್ಟಿಯೇ ಇರಲಿಲ್ಲ. ಆ ಗೆಜೆಟಿಯರನ್ನೂ ನಾವು ಬಿಸಾಡಲಿಲ್ಲ. ಸಂಘದ ಬಗ್ಗೆ ಅದರಲ್ಲಿ ಏನೂ ಇರಲಾರದು, ಆದರೆ 1876–77ರ ಬರಗಾಲದ ಬಗ್ಗೆ, ಸಾಲ ಕೊಡುವವರ ಬಗ್ಗೆ ಆ ಕಾಲದ ಅಧಿಕಾರಿಗಳು ಏನು ಬರೆದರು ಎಂದು ನೋಡಲು ಬೇಕೇ ಬೇಕು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ತುಸು ಗಡುಸು, ಒಂದು ಪುಟವನ್ನು ನಾಲ್ವರು ಸೇರಿ ಓದುತ್ತಾರೆ.

ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ಬೇಡ ಎನ್ನುವುದರಲ್ಲಿ ಅರ್ಥವಿಲ್ಲ, ಬಳಸಿಯೇ ಬಳಸುತ್ತಾರೆ. ಅದು ಕೊಟ್ಟ ಪುಸ್ತಕಗಳ ಪಟ್ಟಿಯನ್ನು ಹಿಡಿದು ಗ್ರಂಥಾಲಯಕ್ಕೆ ಹೋಗಿ ಎನ್ನುತ್ತೇನೆ. ಇಲ್ಲದ ಪುಸ್ತಕವನ್ನು ಕಪಾಟಿನಲ್ಲಿ ಹುಡುಕಿ ಬೇಸತ್ತವರಿಗೆ ಬೇರೆ ಉಪದೇಶ ಬೇಕಾಗಿಲ್ಲ.

ಅಂಕ ಕೊಡುವಾಗ ನಾನು ಫೈಲಿನ ಅಂದಚಂದ ನೋಡುವುದಿಲ್ಲ. ಒಂದು ಬದಿ ಬಳಸಿದ ಕಾಗದವನ್ನು ಅರ್ಧಕ್ಕೆ ಹರಿದು ಮಾಡಿಕೊಂಡ ಟಿಪ್ಪಣಿ ಚೀಟಿಗಳನ್ನು ಕೇಳುತ್ತೇನೆ. ಪ್ರತಿ ಚೀಟಿಯಲ್ಲಿ ಎಲ್ಲಿಂದ ತೆಗೆದದ್ದು, ಯಾವ ಪುಟ, ಮೂಲದ್ದೇ ಮಾತಾಗಿದ್ದರೆ ಉದ್ಧರಣ ಚಿಹ್ನೆ, ಕೆಳಗೆ ತನ್ನ ಅನುಮಾನ. ಚೀಟಿಯೊಂದನ್ನು ಎಳೆದು, ಫೈಲು ಮುಚ್ಚಿ, ಇದನ್ನು ನನಗೆ ಹೇಳು ಎನ್ನುತ್ತೇನೆ. ಎಪ್ಪತ್ತು ಮಕ್ಕಳ ತರಗತಿಯಲ್ಲಿ ಇದಕ್ಕೆ ವೇಳೆ ಸಾಲುವುದಿಲ್ಲ, ಊಟದ ಬಿಡುವೂ ಹೋಗುತ್ತದೆ. ಝೆರಾಕ್ಸ್ ಅಂಗಡಿಯ ಫೈಲಿಗೆ ಚೀಟಿಗಳು ಮಾತ್ರ ಇನ್ನೂ ಸಿಗುತ್ತಿಲ್ಲ.

ಈ ಸಲದ ವಿಷಯಗಳಿಗೆ ಲಕ್ಕುಂಡಿಯ ‘ನೂರೊಂದು ಗುಡಿ, ನೂರೊಂದು ಬಾವಿ’ಯನ್ನು ಸೇರಿಸಿದ್ದೇನೆ. ಅತ್ತಿಮಬ್ಬೆಯ ಬಸದಿಗೆ 1007ರ ಶಾಸನವಿದೆ, ನೂರೊಂದರ ಲೆಕ್ಕಕ್ಕೆ ಏನಿದೆ ಎಂಬುದು ಪ್ರಶ್ನೆ. ಆ ಗುಂಪು ಹೊರಡುವ ಮೊದಲೇ ಜಗಳ ಶುರುವಾಗಿದೆ: ಮುಚ್ಚಿಹೋದ ಬಾವಿಯನ್ನು ಎಣಿಸಬೇಕೋ ಬೇಡವೋ. ಅದನ್ನು ಮೊದಲು ಬರೆದು ತನ್ನಿ, ಆಮೇಲೆ ಬಸ್ಸು ಹತ್ತುವಿರಂತೆ ಎಂದಿದ್ದೇನೆ.